ಮೈಕಿನ ಚಿತ್ರ ತೆಗೆದುಹಾಕಿಸಿ, ನಿಮ್ಮ ಕೆಲಸ ಕೇಳಿಸಿ

ಪ್ರಶ್ನೆ: ಕಿರುಚಿತ್ರಗಳಿಗೆ ಧ್ವನಿ ವಿನ್ಯಾಸ ಮಾಡುತ್ತೇನೆ. ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತ ಹಾಡುವ ಕೊಡವರ ಹಾಡು), ಹಕ್ಕಿಗಳ ಕೂಗು, ಮಳೆಯ ಸದ್ದನ್ನೂ ರೆಕಾರ್ಡ್ ಮಾಡುತ್ತೇನೆ. ವಿಸಿಟಿಂಗ್ ಕಾರ್ಡಿಗೆಂದು ಪ್ರೆಸ್ಸಿಗೆ ಹೋದರೆ ಮೈಕು, ಹೆಡ್‌ಫೋನ್, ಕಾಫಿ ಎಲೆ ತುಂಬಿದ ಮಾದರಿ ತೋರಿಸಿದರು. ಕಾರ್ಡ್ ಹೇಗಿರಬೇಕು? ಕ್ಯೂಆರ್ ಕೋಡ್ ಬೇಕೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮೊದಲು ಮೈಕಿನ ಚಿತ್ರ ತೆಗೆದುಹಾಕಿಸಿ. ಅದನ್ನು ಕಂಡವರು ಮದುವೆಗೆ ಮೈಕ್‌ಸೆಟ್ ಬಾಡಿಗೆ ಎಷ್ಟೆಂದು ಫೋನ್ ಮಾಡುತ್ತಾರೆ. ಅದೂ ಗೌರವದ ದುಡಿಮೆಯೇ, ಆದರೆ ನಿಮ್ಮದಲ್ಲ. ಕಾಫಿ ಎಲೆಯನ್ನು ಹೋಂಸ್ಟೇಗಳಿಗೆ ಬಿಟ್ಟುಕೊಡಿ. ಹೆಸರು, ಅದರ ಕೆಳಗೆ ‘ಚಿತ್ರಗಳಿಗೆ ಧ್ವನಿ ವಿನ್ಯಾಸ, ಹೊರಾಂಗಣ ಧ್ವನಿಮುದ್ರಣ’ ಎಂಬ ಒಂದೇ ಸಾಲು, ಊರು, ಫೋನ್, ಇಮೇಲ್. ಇಷ್ಟು ಸಾಕು.

ಕ್ಯೂಆರ್ ಕೋಡ್ ಖಂಡಿತ ಬೇಕು. ಛಾಯಾಗ್ರಾಹಕರಾದರೆ ಕಾರ್ಡಿನ ಮೇಲೇ ಒಂದು ಚಿತ್ರ ಅಚ್ಚು ಹಾಕಿಸಬಹುದು; ನಿಮ್ಮ ಕೆಲಸ ಕಾಗದದ ಮೇಲೆ ಕಾಣುವುದಿಲ್ಲ. ಹಾಗಾಗಿ ಹಿಂಬದಿಯನ್ನು ಪೂರ್ತಿ ಅದಕ್ಕೇ ಕೊಡಿ: ಬಿಳಿ ಹಿನ್ನೆಲೆ, ಕಪ್ಪು ಕೋಡ್, ಅಗಲ 2 ಸೆಂಟಿಮೀಟರಿಗೆ ಕಡಿಮೆ ಬೇಡ, ಸುತ್ತ ಖಾಲಿ ಅಂಚು ಇರಲೇಬೇಕು. ಪಕ್ಕದಲ್ಲಿ ‘40 ಸೆಕೆಂಡು ಕೇಳಿ’ ಎಂದು ಬರೆಸಿ. ಏನು ತೆರೆಯುತ್ತದೆಂದು ಗೊತ್ತಾದರೆ ಜನ ಸ್ಕ್ಯಾನ್ ಮಾಡುತ್ತಾರೆ. ತೆರೆಯುವ ಪುಟ ಹಗುರವಾಗಿರಲಿ. ನಮ್ಮ ಜಿಲ್ಲೆಯ ಎಷ್ಟೋ ತೋಟಗಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) 40 ಸೆಕೆಂಡಿನ ಎಂಪಿ3 ಸುಮಾರು 640 ಕೆಬಿ ಮಾತ್ರ, ವಿಡಿಯೊ ಅಷ್ಟಕ್ಕೆ ಮುಗಿಯುವುದಿಲ್ಲ.

ಯಾವ ತುಣುಕು ಎಂಬುದೇ ಇಲ್ಲಿ ನಿಜವಾದ ವಿನ್ಯಾಸ. ಕಾರ್ಡ್ ಪಡೆದವರು ಅದನ್ನು ಕೇಳುವುದು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ. ದೂರದ ಗುಡುಗಿನಂಥ ಕೆಳಸ್ಥಾಯಿಯ ಸದ್ದು ಅದರಲ್ಲಿ ಹೊರಡುವುದೇ ಇಲ್ಲ. ದುಡಿಯ ಪೆಟ್ಟು, ಹಾಡುಗಾರರ ದನಿ, ಹಕ್ಕಿಯ ಸಿಳ್ಳು ಸ್ಪಷ್ಟವಾಗಿ ಕೇಳುತ್ತವೆ. ಅವುಗಳಿಂದಲೇ ಶುರು ಮಾಡಿ. ಹಾಡಿದವರ ಒಪ್ಪಿಗೆ ಮೊದಲೇ ಪಡೆದು, ಅವರ ಹೆಸರನ್ನೂ ಊರನ್ನೂ ಆ ಪುಟದಲ್ಲಿ ಹಾಕಿ. ಇದರಲ್ಲಿ ರಾಜಿ ಬೇಡ. ಕೋಡ್ ನಿಮ್ಮದೇ ಜಾಲತಾಣದ ವಿಳಾಸಕ್ಕೆ ಹೋಗಲಿ. ಆಗ ತುಣುಕು ಬದಲಿಸಿದರೂ ಕಾರ್ಡ್ ಬದಲಿಸಬೇಕಿಲ್ಲ. ಉಚಿತವೆಂದು ಸಿಗುವ ಕೆಲವು ಕೋಡ್‌ಗಳು ಅವಧಿ ಮುಗಿದೊಡನೆ ನಿಂತುಹೋಗುತ್ತವೆ.

ಮುಂಬದಿಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರಲಿ. ಕನ್ನಡಕ್ಕೆ ಸಾಲಿನ ಅಂತರ ಹೆಚ್ಚು ಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರಗಳೇ ಒಡೆದು ಬರುವುದುಂಟು. ಆದ್ದರಿಂದ ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ರೇಖಾರೂಪಕ್ಕೆ) ಬದಲಿಸಿದ ಪಿಡಿಎಫ್ ಕೊಡಿ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಡಿ.

ಕಾಗದ 300ರಿಂದ 350 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇದ್ದರೆ ಸಾಕು. ಮ್ಯಾಟ್ ಲ್ಯಾಮಿನೇಷನ್ ಮಾಡಿಸುವುದಾದರೆ ಎರಡೂ ಬದಿಗೆ ಮಾಡಿಸಿ. ಒಂದೇ ಬದಿಗೆ ಮಾಡಿಸಿದರೆ ನಮ್ಮ ಮಳೆಗಾಲದಲ್ಲಿ ಇನ್ನೊಂದು ಬದಿ ತೇವ ಹೀರಿ ಕಾರ್ಡ್ ಬಾಗುತ್ತದೆ. ಹೊಳಪಿನದು ಬೇಡ, ಬೆಳಕು ಪ್ರತಿಫಲಿಸಿ ಸ್ಕ್ಯಾನಿಗೆ ತೊಡಕಾಗುತ್ತದೆ. ಮೊದಲು ಒಂದು ಪ್ರತಿ ತೆಗೆಸಿ, ಹಳೆಯ ಮೊಬೈಲೊಂದರಲ್ಲಿ, ಮಬ್ಬು ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ನೋಡಿ. ಆಮೇಲೆ ನೂರು ಕಾರ್ಡಿಗೆ ಹೇಳಿ, ಐನೂರಕ್ಕೆ ಅವಸರವಿಲ್ಲ.