ಕೊಲೆಗಾರನ ಲೆಕ್ಕ ನಮಗೆ ಬೇಡ

ನಮಸ್ಕಾರ. ಝೋಡಿಯಾಕ್ ಅಂತ ತನ್ನನ್ನು ಕರೆದುಕೊಂಡ, ಇವತ್ತಿಗೂ ಯಾರೆಂದು ಗೊತ್ತಾಗದ ಅಮೆರಿಕದ ಸರಣಿ ಕೊಲೆಗಾರ ಪತ್ರಿಕೆಗಳಿಗೆ ಬರೆದ ಪತ್ರಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ನಿಮ್ಮ ಬರವಣಿಗೆಗೆ ಒಳ್ಳೆಯ ಓಟವಿದೆ. ಆದರೂ ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ನನಗೆ ಮನಸ್ಸು ಒಪ್ಪುತ್ತಿಲ್ಲ.

'37 ಜನರನ್ನು ಕೊಂದ ಮಹಾ ಬುದ್ಧಿವಂತ' ಅಂತ ಶುರು ಮಾಡಿದ್ದೀರಿ. ಆ 37, 1974ರ ಪತ್ರದಲ್ಲಿ ಅವನೇ ಕೊಚ್ಚಿಕೊಂಡ ಲೆಕ್ಕ. ಖಚಿತವಾಗಿರುವುದು ಐದು ಸಾವು. ಇನ್ನಿಬ್ಬರು ಗಾಯಗೊಂಡು ಬದುಕಿದರು. ಅವನು ಹೇಳಿದ್ದನ್ನೇ ನಂಬಿ ನೀವು ಅವನ ಪರ ಡಂಗುರ ಸಾರಿದ ಹಾಗಾಗಿದೆ.

ಬುದ್ಧಿವಂತಿಕೆಯೂ ಅಷ್ಟೇ. 1969ರ ಜುಲೈ 31ರಂದು ಮೂರು ಪತ್ರಿಕೆಗಳಿಗೆ ಹಂಚಿ ಕಳಿಸಿದ 408 ಚಿಹ್ನೆಗಳ ಗುಪ್ತಲಿಪಿಯನ್ನು ಒಡೆದವರು ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನ ಮೇಷ್ಟ್ರು ಡೊನಾಲ್ಡ್ ಹಾರ್ಡನ್ ಮತ್ತು ಅವರ ಹೆಂಡತಿ ಬೆಟ್ಟಿ. ಇಂಥ ಜಂಭದವನು 'ನಾನು' ಅಂತಲೇ ಶುರು ಮಾಡಿರುತ್ತಾನೆ, 'ಕಿಲ್' (kill, ಕೊಲ್ಲು) ಅನ್ನುವ ಪದ ಬಂದೇ ಬರುತ್ತೆ ಅಂತ ಬೆಟ್ಟಿ ಊಹಿಸಿದರು. ಜೋಡಿ 'ಎಲ್' ಬರುವ ಜಾಗ ಹುಡುಕಿದರು. ಕೆಲವೇ ದಿನಗಳಲ್ಲಿ ಗಂಟು ಬಿಚ್ಚಿತು. ನಿಮ್ಮ ಲೇಖನದಲ್ಲಿ ಈ ಹೆಂಗಸಿಗೆ ಅರ್ಧ ಸಾಲೂ ಇಲ್ಲ. 340 ಚಿಹ್ನೆಗಳ ಇನ್ನೊಂದು ಲಿಪಿ 2020ರವರೆಗೆ ಕಾಡಿತು, ನಿಜ. ಅದನ್ನು ಬಿಡಿಸಿದಾಗಲೂ ಅವನ ಹೆಸರು ಸಿಗಲಿಲ್ಲ.

ಸಂಪಾದಕರ ಮೇಜನ್ನಂತೂ ನೀವು ನೋಡಿಯೇ ಇಲ್ಲ. ಆ 408 ಚಿಹ್ನೆಗಳ ಲಿಪಿಯನ್ನು ಮುಖಪುಟದಲ್ಲಿ ಹಾಕದಿದ್ದರೆ ವಾರದ ಕೊನೆಗೆ ಹನ್ನೆರಡು ಜನರನ್ನು ಕೊಲ್ಲುತ್ತೇನೆ ಅಂತ ಅವನು ಬೆದರಿಸಿದ್ದ. ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ತನ್ನ ಪಾಲಿನ ಲಿಪಿಯನ್ನು ನಾಲ್ಕನೇ ಪುಟದಲ್ಲಿ ಹಾಕಿತು. ಬರೆದವನು ನಿಜವಾದ ಕೊಲೆಗಾರನೇ ಅಂತ ನಂಬಿಕೆಯಿಲ್ಲ, ಇನ್ನಷ್ಟು ವಿವರ ಕಳಿಸಲಿ ಅಂದ ಪೊಲೀಸ್ ಮುಖ್ಯಸ್ಥರ ಮಾತೂ ಜೊತೆಗಿತ್ತು. ಹಾಕಿದರೆ ಅವನ ಹಠ ಗೆದ್ದ ಹಾಗೆ, ಬಿಟ್ಟರೆ ಯಾರದೋ ಜೀವ ಹೋಗಬಹುದು. ಅವತ್ತು ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಅದೇ 1969ರ ಅಕ್ಟೋಬರ್ 11ರ ರಾತ್ರಿ ಅವನು ಒಬ್ಬ ಟ್ಯಾಕ್ಸಿ ಚಾಲಕನನ್ನು ಕೊಂದ. ಇನ್ನೂ 29 ವರ್ಷ, ಟ್ಯಾಕ್ಸಿ ಓಡಿಸುತ್ತಾ ಓದುತ್ತಿದ್ದವರು. ಕೆಲವೇ ದಿನಗಳಲ್ಲಿ ಕ್ರಾನಿಕಲ್‌ಗೆ ಬಂದ ಲಕೋಟೆಯಲ್ಲಿ ಅವರ ಅಂಗಿಯ ರಕ್ತಸಿಕ್ತ ತುಂಡಿತ್ತು. ನೀವು ಇದನ್ನು 'ರೋಚಕ ತಿರುವು' ಅಂದಿದ್ದೀರಿ. ಆ ಎರಡು ಪದ ಹೊಡೆದುಹಾಕಿ. ಲಕೋಟೆ ಒಡೆದವರ ಕೈಗೆ ಆ ಬಟ್ಟೆ ಸಿಕ್ಕ ಗಳಿಗೆಯಿಂದ ಲೇಖನ ಶುರು ಮಾಡಿ, ಅವನ ಪತ್ರಗಳ ಉದ್ದುದ್ದ ಅನುವಾದ ತೆಗೆದುಬಿಡಿ. ತಿದ್ದಿ ನನಗೇ ಕಳಿಸಿ, ಎರಡು ಪುಟ ಬಿಟ್ಟುಕೊಂಡು ಕಾಯುತ್ತೇನೆ.