ನೀರಿನ ಬಾಟಲಿಯಲ್ಲಿ ಆಸಿಡ್ ಇಡಬಹುದಾ?

ಪ್ರಶ್ನೆ: ನಾನು ಒಂದು ಕಲ್ಯಾಣ ಮಂಟಪದಲ್ಲಿ ಕ್ಲೀನಿಂಗ್ ಕೆಲಸದ ಸೂಪರ್‌ವೈಸರ್. ಟಾಯ್ಲೆಟ್ ಆಸಿಡ್, ಫಿನಾಯಿಲ್, ಬ್ಲೀಚ್ ಎಲ್ಲ 5 ಲೀಟರ್ ಕ್ಯಾನಿನಲ್ಲಿ ಬರುತ್ತವೆ. ಮದುವೆ ಮುಗಿದ ಮೇಲೆ ಸಿಗುವ ಖಾಲಿ ನೀರಿನ ಬಾಟಲಿಗಳಿಗೆ ಸುರಿದುಕೊಂಡು ಬಳಸುತ್ತೇವೆ. ಕ್ಯಾನ್ ಮೇಲೆ ಲೇಬಲ್ ಇದೆಯಲ್ಲ, ಸಾಕು ಅಂತಾರೆ ಯಜಮಾನರು. ನಮ್ಮ ಆರು ಜನರಲ್ಲಿ ಇಬ್ಬರಿಗೆ ಓದಲು ಬರುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಸಾಲದು, ತಾಯಿ. ಆ ನೀರಿನ ಬಾಟಲಿಗಳನ್ನು ಇವತ್ತೇ ಬಿಟ್ಟುಬಿಡಿ. ಲೇಬಲ್ ಮಾತು ಆಮೇಲೆ.

ನಾನು ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ 28 ವರ್ಷ ದುಡಿದವನು. ಸೇರಿದ ಹೊಸತರಲ್ಲಿ, ಬೇಸಿಗೆಯ ಒಂದು ರಾತ್ರಿ, ಹುಡುಗನೊಬ್ಬ ಕಿಟಕಿಯಲ್ಲಿದ್ದ ಬಾಟಲಿ ಎತ್ತಿ ಕುಡಿದ. ಅದರಲ್ಲಿದ್ದದ್ದು ಕಾಸ್ಟಿಕ್ ಸೋಡಾ ಕರಗಿಸಿದ ನೀರು. ನೋಡಲು ನೀರೇ. ವಾಸನೆಯೂ ಇಲ್ಲ. ಇಳಿದದ್ದು ಒಂದೇ ಗುಟುಕು. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, 'ಕುಡಿದದ್ದೇನು?' ಬಾಟಲಿ ನನ್ನ ಕೈಯಲ್ಲೇ ಇತ್ತು, ಉತ್ತರ ಇರಲಿಲ್ಲ. ಪಾಳಿಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ ತಿಳಿದುಕೊಳ್ಳಬೇಕಾಯಿತು. ಹುಡುಗ ಬದುಕಿದ. ಆದರೆ ಅನ್ನನಾಳ ಸುಟ್ಟು ಕಿರಿದಾಗಿ, ತಿಂಗಳುಗಟ್ಟಲೆ ಗಂಜಿ ಬಿಟ್ಟು ಬೇರೇನೂ ಇಳಿಯಲಿಲ್ಲ.

ನಿಮ್ಮದು ಮಂಟಪ. ಬಾಯಾರಿದ ಮಕ್ಕಳು, ಗುರುತಿಲ್ಲದ ನೆಂಟರು ಓಡಾಡುವ ಜಾಗ. ನೀರು ಬೆರೆಸಿದ ಫಿನಾಯಿಲ್ ಮಜ್ಜಿಗೆಯ ಹಾಗೇ ಬೆಳ್ಳಗೆ ಕಾಣುತ್ತದೆ, ಅಲ್ವಾ? ಅದನ್ನು ನೆನೆದರೇ ನನಗೆ ಭಯವಾಗುತ್ತದೆ.

ಭೋಪಾಲ್ ದುರಂತದ ನಂತರ ಬಂದ ಕೇಂದ್ರದ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳಲ್ಲಿ ಪ್ರತಿ ಡಬ್ಬಿಯ ಮೇಲೂ ಒಳಗೇನಿದೆ, ತಯಾರಿಸಿದವರು ಯಾರು, ಅದರ ಗುಣವೇನು ಎಂದು ಬರೆದಿರಬೇಕು ಎಂದಿದೆ. ದೊಡ್ಡ ಕ್ಯಾನಿಗೆ ಮಾತ್ರ ಅಂತಲ್ಲ. ಆ ನಿಯಮ ಹೆಚ್ಚಾಗಿ ಕಾರ್ಖಾನೆ, ಗೋದಾಮುಗಳಿಗಾಗಿ ಬರೆದದ್ದು, ನಿಜ. ಆದರೆ ಆಸಿಡ್ಡಿಗೆ ಕಾರ್ಖಾನೆ ಯಾವುದು, ಮಂಟಪ ಯಾವುದು ಅಂತ ಗೊತ್ತಾಗುವುದಿಲ್ಲ.

ಆಸಿಡ್ಡಿಗೆ ಅದೇ ಕ್ಲೀನರ್‌ನ ಖಾಲಿ ಬಾಟಲಿಯನ್ನೇ ಮತ್ತೆ ತುಂಬಿಸಿ. ಬ್ಲೀಚಿಗೆ ಒಳಗಿನದು ಕಾಣದ ದಪ್ಪ ಬಾಟಲಿ ಬೇಕು. ಎರಡರ ಬಣ್ಣ ಬೇರೆ ಇರಲಿ. ಅಗಲವಾದ ಸ್ಟಿಕ್ಕರ್ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹೆಸರು ಬರೆಯಿರಿ. ಕೆಳಗೆ 'ಚರ್ಮ, ಕಣ್ಣು ಸುಡುತ್ತದೆ. ತಗುಲಿದರೆ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಲ್ಲಿ ನೀರಿನಲ್ಲಿ ತೊಳೆಯಿರಿ' ಅಂತ ಇರಲಿ. ಕ್ಯಾನಿನ ಮೇಲಿರುವ ಕಂಪನಿ ಹೆಸರನ್ನೂ ಸೇರಿಸಿ, ಡಾಕ್ಟರಿಗೆ ಬೇಕಾಗುತ್ತದೆ. ಬಾಲ್‌ಪೆನ್ ಬೇಡ, ಮಾರ್ಕರ್‌ನಲ್ಲಿ ಬರೆದು ಮೇಲೆ ಅಗಲ ಟೇಪ್ ಅಂಟಿಸಿ. ಮುಚ್ಚಳದ ಮೇಲೆ ಮಾತ್ರ ಬರೆದು ಬಿಡಬೇಡಿ. ಮುಚ್ಚಳ ಅದಲುಬದಲಾಗುತ್ತದೆ.

ಎರಡೂ ಬಾಟಲಿಗಳ ಮೇಲೆ ಕೆಂಪಿನಲ್ಲಿ ಇನ್ನೊಂದು ಸಾಲು ಬೇಕೇ ಬೇಕು: 'ಆಸಿಡ್, ಬ್ಲೀಚ್ ಒಟ್ಟಿಗೆ ಬೇಡ.' ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಟಾಯ್ಲೆಟ್ಟಿನಲ್ಲಿ ಅದು ನೇರ ಶ್ವಾಸಕೋಶಕ್ಕೆ ಹೊಡೆಯುತ್ತದೆ. ಜಾಸ್ತಿ ಬೆಳ್ಳಗಾಗಲಿ ಅಂತ ಎರಡನ್ನೂ ಸುರಿಯುವವರನ್ನು ನಾನು ಕಂಡಿದ್ದೇನೆ.

ಯಜಮಾನರು ಖರ್ಚಿನ ಮಾತೆತ್ತಿದರೆ ಹೀಗೆ ಹೇಳಿ. ಬಿಸಿಲು, ಬೆಳಕು ತಾಗಿದರೆ ಬ್ಲೀಚ್ ಸತ್ವ ಕಳೆದುಕೊಳ್ಳುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಅವರ ದುಡ್ಡೇ ಸುಮ್ನೆ ಹೋಗುತ್ತಿದೆ.

ಓದು ಬಾರದ ಆ ಇಬ್ಬರಿಗಾಗಿ ಚಿತ್ರ ಹಾಕಿ. ಕೆಂಪು ಗೆರೆಯ ವಜ್ರಾಕಾರದೊಳಗೆ ಕೈ ಮೇಲೆ ದ್ರವ ಸುರಿದು ಚರ್ಮ ತಿನ್ನುವ ಚಿತ್ರವೊಂದಿದೆ. ಎಷ್ಟೋ ದೇಶಗಳಲ್ಲಿ ಅದೇ ಗುರುತು. ಪ್ರಿಂಟ್ ತೆಗೆಸಿ ಆಸಿಡ್ ಬಾಟಲಿಗೆ ಅಂಟಿಸಿ. ಆಮೇಲೆ ಅವರನ್ನು ಕೂರಿಸಿಕೊಂಡು, ಒಂದೊಂದೇ ಬಾಟಲಿ ತೋರಿಸಿ 'ಇದೇನು, ಏನು ಮಾಡುತ್ತದೆ?' ಅಂತ ಕೇಳಿ. ಅವರು ತಡವರಿಸಿದರೆ ಲೇಬಲ್ ಇನ್ನೂ ಸರಿಯಾಗಿಲ್ಲ, ಬದಲಿಸಿ.