ಗಾಳ ಹಾಕುವವರು ನದಿಯ ಪರ ವಾದಿಸಬಹುದೇ?

ನ್ಯೂಜಿಲೆಂಡಿನ ಟ್ರೌಟ್ ಮೀನು, ಅದನ್ನು ಹಿಡಿಯುವ ಹವ್ಯಾಸ ಮತ್ತು ಅಲ್ಲಿಯ ನದಿಗಳ ಸ್ಥಿತಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಸಿಹಿನೀರಿನ ಪರಿಸರ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಕ್ರೈಸ್ಟ್‌ಚರ್ಚಿಗೆ ಬಂದು ಎರಡು ವರ್ಷವಾಯಿತು. ಒಂಬತ್ತು ವರ್ಷದ ಮಗನಿಗೆ ಗೆಳೆಯರಂತೆ ತಾನೂ ಟ್ರೌಟ್ ಹಿಡಿಯಬೇಕೆಂಬ ಹಟ. ನದಿ ಯಾರ ಸ್ವಂತ ಆಸ್ತಿಯೂ ಅಲ್ಲ. ಹೀಗಿರುವಾಗ ಲೈಸೆನ್ಸಿಗೆ ಹಣವೇಕೆ ಕೊಡಬೇಕು?
— ಗೃಹಿಣಿ, ಕ್ರೈಸ್ಟ್‌ಚರ್ಚ್

ಮೊದಲು ಸಮಾಧಾನದ ಸುದ್ದಿ: 12 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಜೊತೆಗೆ ನೀವೂ ಗಾಳ ಹಿಡಿಯುವುದಾದರೆ ಕುಟುಂಬದ ಲೈಸೆನ್ಸ್ ಸಿಗುತ್ತದೆ.

ಈ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುವುದಿಲ್ಲ. 1990ರಲ್ಲಿ ಕಾನೂನಿನ ಮೂಲಕ ಹುಟ್ಟಿದ ‘ಫಿಶ್ ಅಂಡ್ ಗೇಮ್’ ಎಂಬ ಸಂಸ್ಥೆ ಮುಖ್ಯವಾಗಿ ಈ ಲೈಸೆನ್ಸ್ ಹಣದಿಂದಲೇ ನಡೆಯುತ್ತದೆ. ಅದರ ಪ್ರಾದೇಶಿಕ ಮಂಡಳಿಗಳ ಸದಸ್ಯರನ್ನು ಆರಿಸುವವರೂ ಲೈಸೆನ್ಸ್ ಪಡೆದವರೇ. (ಟೌಪೊ ಸರೋವರದ ವ್ಯವಸ್ಥೆ ಬೇರೆ, ಅಲ್ಲಿ ಸಂರಕ್ಷಣಾ ಇಲಾಖೆಯ ಪ್ರತ್ಯೇಕ ಲೈಸೆನ್ಸ್ ಬೇಕು.) ಮೀನಿನ ಎಣಿಕೆ, ಕಾವಲು ಎಲ್ಲ ಫಿಶ್ ಅಂಡ್ ಗೇಮ್ ಸಂಸ್ಥೆಯ ಕೆಲಸವೇ. ನನ್ನ ಮಟ್ಟಿಗೆ ಮುಖ್ಯವಾದದ್ದು ಇನ್ನೊಂದು. ನದಿಗೆ ಅಣೆಕಟ್ಟು ಕಟ್ಟುವ, ನೀರೆತ್ತುವ, ಕೊಳಚೆ ಬಿಡುವ ಅರ್ಜಿ ಬಂದಾಗ ಮೀನು ಹಿಡಿಯುವವರ ಪರವಾಗಿ ವಾದ ಮಂಡಿಸುವುದನ್ನು ಕಾನೂನೇ ಈ ಸಂಸ್ಥೆಗೆ ವಹಿಸಿದೆ. ನದಿಗೆ ವಕೀಲರನ್ನು ಇಡಲು ವರ್ಷಕ್ಕೊಮ್ಮೆ ವಂತಿಗೆ ಎತ್ತಿದ ಹಾಗೆ ಎಂದುಕೊಳ್ಳಿ.

ಆ ವಕೀಲಿಕೆ ಬರೀ ಕಾಗದದ ಮೇಲೆ ಉಳಿದಿಲ್ಲ. ನಿಮ್ಮ ಊರಿನಿಂದ ದಕ್ಷಿಣಕ್ಕೆ ಒಂದು ಗಂಟೆಯೂ ಆಗದ ದಾರಿಯಲ್ಲಿ ರಕೈಯಾ ನದಿ ಸಿಗುತ್ತದೆ. ಹಲವು ಕವಲುಗಳಾಗಿ ಹೆಣೆದುಕೊಂಡು ಹರಿಯುವ ಆ ನದಿಯ ನೀರನ್ನು ನೀರಾವರಿಗೆ ಎಷ್ಟು ಎತ್ತಬಹುದು ಎಂಬ ಜಗಳದಲ್ಲಿ ಗಾಳ ಹಾಕುವವರ ಸಂಘಗಳು ಒಂದು ಕಡೆ, ರೈತರ ಒಕ್ಕೂಟ ಇನ್ನೊಂದು ಕಡೆ ನಿಂತು, ವ್ಯಾಜ್ಯ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಕೊನೆಗೆ 1988ರಲ್ಲಿ ರಕೈಯಾಕ್ಕೆ, ನೀರೆತ್ತುವುದಕ್ಕೆ ಮಿತಿ ಹಾಕುವ ಜಲ ಸಂರಕ್ಷಣಾ ಆದೇಶ ಸಿಕ್ಕಿತು. ಮಟೌರಾ ನದಿಗೆ 1997ರಲ್ಲಿ, ಬುಲ್ಲರ್‌ಗೆ 2001ರಲ್ಲಿ, ರಂಗಿಟಾಟಾಕ್ಕೆ 2006ರಲ್ಲಿ ಇಂಥದೇ ರಕ್ಷಣೆ ಬಂತು.

ಮಗನನ್ನು ಕರೆದೊಯ್ಯುವ ಮುನ್ನ ಇನ್ನೊಂದು ವಿಷಯ ತಿಳಿದಿರಲಿ. ಈ ದೇಶದಲ್ಲಿ ಟ್ರೌಟ್ ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಸಾಕುವಂತೆಯೂ ಇಲ್ಲ. ತಿನ್ನಬೇಕೆಂದರೆ ಹಿಡಿಯಬೇಕು, ಇಲ್ಲವೇ ಹಿಡಿದವರು ಪುಕ್ಕಟೆ ಕೊಡಬೇಕು. ಬೆಲೆಯೇ ಇಲ್ಲದ ಮೀನನ್ನು ಕದ್ದು ಬಲೆ ಹಾಕಿ ಹಿಡಿದು ಯಾರಿಗೇನು ಲಾಭ?

ಸೌತ್‌ಲ್ಯಾಂಡಿನ ಡೈರಿ ಫಾರ್ಮಿನಲ್ಲಿ ಹಾಲು ಕರೆಯುವ ಕೆಲಸ ನನ್ನದು. ಮಾತೆತ್ತಿದರೆ ಹೊಳೆ ಕೆಟ್ಟಿದ್ದು ಹಸುಗಳಿಂದ ಎನ್ನುತ್ತಾರೆ. ನಮ್ಮ ಹಿಂದಿನ ಹಳ್ಳದ ನೀರು ಕನ್ನಡಿಯಂತೆ ತಿಳಿಯಾಗಿದೆ. ಕೆಟ್ಟಿದೆ ಎಂದು ಹೇಗೆ ಹೇಳುತ್ತಾರೆ?
— ಹಾಸನ ಜಿಲ್ಲೆಯವರು, ಈಗ ಗೋರ್ ಹತ್ತಿರ ವಾಸ

ತಿಳಿ ನೀರನ್ನು ನೋಡಿ ಹೊಳೆಯ ಆರೋಗ್ಯ ಹೇಳಲಾಗುವುದಿಲ್ಲ, ಏಕೆಂದರೆ ನೈಟ್ರೇಟಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಒಂದು ಹಸು ಒಮ್ಮೆ ಗಂಜಲ ಹೊಯ್ದ ಅಂಗೈಯಗಲದ ನೆಲದಲ್ಲಿ, ಅಲ್ಲಿಯ ಹುಲ್ಲು ಹೀರಲಾರದಷ್ಟು ಸಾರಜನಕ ಬೀಳುತ್ತದೆ. ಮಿಕ್ಕಿದ್ದು ನೈಟ್ರೇಟ್ ಆಗಿ ಮಳೆಯ ಜೊತೆ ಬೇರಿನ ಕೆಳಗೆ ಇಳಿಯುತ್ತದೆ. ನಿಮ್ಮ ಸೌತ್‌ಲ್ಯಾಂಡಿನಲ್ಲಿ ಜೌಗು ನೆಲ ಒಣಗಿಸಲು ಹೂತಿಟ್ಟ ಕೊಳವೆಗಳು ಅದನ್ನು ನೇರವಾಗಿ ಹಳ್ಳಕ್ಕೆ ತಲುಪಿಸುತ್ತವೆ. ಬೇಸಿಗೆಯಲ್ಲಿ ಹರಿವು ತಗ್ಗಿ ಬಿಸಿಲು ಬಿದ್ದಾಗ ಕಲ್ಲುಗಳ ಮೇಲೆ ಪಾಚಿ ಹಬ್ಬುತ್ತದೆ. ಹಗಲು ಪಾಚಿಯೇ ನೀರಿಗೆ ಆಮ್ಲಜನಕ ಕೊಡುವುದರಿಂದ ಮಧ್ಯಾಹ್ನ ಅಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತದೆ. ಮೀನಿಗೆ ಉಸಿರುಕಟ್ಟುವುದು ಬೆಳಕು ಹರಿಯುವ ಮುಂಚೆ, ಅಳೆಯುವವರು ಹಾಸಿಗೆಯಲ್ಲಿರುವ ಹೊತ್ತಿನಲ್ಲಿ. ನೀವು ಹಾಲು ಕರೆಯಲು ಏಳುವ ಹೊತ್ತೂ ಅದೇ. ಒಂದು ಸಲ ಮೀಟರ್ ತರಿಸಿಕೊಂಡು ಆಗ ಅಳೆದು ನೋಡಿ.

ಹಳ್ಳಕ್ಕೆ ಇಳಿದು, ನೀರು ಜೋರಾಗಿ ಹರಿಯುವ ಕಡೆ ಬೊಗಸೆಗಾತ್ರದ ಕಲ್ಲೊಂದನ್ನು ಎತ್ತಿ ಮಗುಚಿ. ಚಪ್ಪಟೆ ಮೈಯ, ಹೊಟ್ಟೆಯ ಎರಡೂ ಬದಿ ಎಲೆಯಂಥ ಕಿವಿರು ಅಲ್ಲಾಡಿಸುವ, ಮೂರು ಬಾಲದೆಳೆಗಳ ಹುಳು ಏಡಿಯಂತೆ ಅಡ್ಡಡ್ಡ ಸರಿದು ಕಲ್ಲಿನ ನೆರಳಿಗೆ ಓಡಿದರೆ ಸಂತೋಷಪಡಿ. ಅದು ಮೇಫ್ಲೈ ಎಂಬ ಕೀಟದ ಮರಿ, ಟ್ರೌಟಿನ ನಿತ್ಯದ ಊಟ. ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ, ಅದರೊಳಗೆ ಬರೀ ಬಸವನಹುಳು ಮತ್ತು ಕೆಂಪು ಎರೆಯಂಥ ಹುಳುಗಳಿದ್ದರೆ ನೀರು ಎಷ್ಟು ತಿಳಿಯಾಗಿದ್ದರೂ ಹಳ್ಳ ಸೊರಗಿದೆ.

ಹೂಳಿನ ಕಥೆ ಬೇರೆ. ಚಳಿಗಾಲದಲ್ಲಿ ಹೆಣ್ಣು ಟ್ರೌಟ್ ಪಕ್ಕಕ್ಕೆ ಹೊರಳಿ, ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ವಾರಗಟ್ಟಲೆ ಆ ಕಲ್ಲುಗಳ ಸಂದಿಯಲ್ಲಿ ತಣ್ಣನೆಯ ನೀರು ಹರಿಯುತ್ತಿರಬೇಕು. ದನಗಳು ದಡ ತುಳಿದು ಕುಸಿದ ಮಣ್ಣು ಆ ಸಂದಿಗಳನ್ನು ಮೆತ್ತಿದರೆ ಮೊಟ್ಟೆಗಳು ಅಲ್ಲೇ ಸಾಯುತ್ತವೆ. ದಡದ ಮರ ಕಡಿದರೆ ನೀರು ಕಾಯುತ್ತದೆ: 20 ಡಿಗ್ರಿ ಸಮೀಪಿಸಿದರೆ ಕಂದು ಟ್ರೌಟ್ ತಿನ್ನುವುದನ್ನು ಬಿಡುತ್ತದೆ, 25ರ ಹತ್ತಿರ ಹೋದರೆ ಸಾವು.

ಇಷ್ಟೆಲ್ಲ ಹೇಳಿದ ಮೇಲೂ ತಪ್ಪು ನಿಮ್ಮದೆಂದಾಗಲಿ ಹಸುವಿನದೆಂದಾಗಲಿ ನಾನು ಹೇಳುವುದಿಲ್ಲ. 1990ರ ನಂತರದ ಇಪ್ಪತ್ತೈದು ವರ್ಷಗಳಲ್ಲಿ ಈ ದೇಶದ ಹಾಲು ಹಸುಗಳ ಸಂಖ್ಯೆ ಸುಮಾರು ಎರಡು ಪಟ್ಟಾಯಿತು. ಅಷ್ಟು ಹಸು ಇಲ್ಲಿ ಮೇಯಲಿ ಎಂದು ಅನುಮತಿ ಕೊಟ್ಟವರು, ಸಾಲ ಕೊಟ್ಟವರು ಯಾರೂ ಹಾಲು ಕರೆಯುವವರಲ್ಲ. ಫಿಶ್ ಅಂಡ್ ಗೇಮ್ ಈ ಶತಮಾನದ ಆರಂಭದಲ್ಲಿ ‘ಕೊಳಕು ಡೈರಿ’ ಎಂದು ಪ್ರಚಾರ ಹೂಡಿದಾಗ ರೈತರು ಕೆಂಡವಾಗಿದ್ದರು. ಆ ಹೆಸರು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ 2003ರಲ್ಲಿ ಡೈರಿ ಉದ್ಯಮವೇ ಒಪ್ಪಂದಕ್ಕೆ ಸಹಿ ಹಾಕಿತು. ಒಂದು ದಾಪುಗಾಲಿಗಿಂತ ಅಗಲದ, ಇಲ್ಲಿಯ ರೈತರು ತೊಡುವ ‘ರೆಡ್ ಬ್ಯಾಂಡ್’ ಗಂಬೂಟಿಗಿಂತ ಆಳದ, ವರ್ಷವಿಡೀ ಹರಿಯುವ ಹಳ್ಳಗಳಿಂದ ದನಗಳನ್ನು ದೂರವಿಡಬೇಕೆಂದು ಮಾತಾಯಿತು. ಬೂಟೇ ಅಳತೆಗೋಲಾದ ಒಪ್ಪಂದವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಲಿಗಳು ಎದ್ದವು, ದಡ ಚೇತರಿಸಿಕೊಂಡಿತು. ಆದರೆ ನೈಟ್ರೇಟಿಗೆ ಬೇಲಿ ಅಡ್ಡಿಯಲ್ಲ. ಅದರ ರಾಷ್ಟ್ರೀಯ ಮಿತಿ 2014ರಲ್ಲಿ ಲೀಟರಿಗೆ 6.9 ಮಿಲಿಗ್ರಾಂ (ನೈಟ್ರೇಟಿನಲ್ಲಿರುವ ಸಾರಜನಕದ ಲೆಕ್ಕದಲ್ಲಿ) ಇತ್ತು, 2020ರಲ್ಲಿ 2.4ಕ್ಕೆ ಇಳಿಯಿತು. ಅದೂ ಮೀನಿಗೆ ವಿಷವಾಗದಿರಲಿ ಎಂಬ ಮಿತಿ ಅಷ್ಟೇ. ಪಾಚಿ ಹಬ್ಬಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ಮೀನಿಗೆ ಗಾಳ ಚುಚ್ಚಿ ಸುಖಪಡುವವರು ನದಿ ಉಳಿಸುವ ಮಾತಾಡುವುದು ಬೂಟಾಟಿಕೆಯಲ್ಲವೇ? ಅಲ್ಲದೆ ಟ್ರೌಟ್ ಆ ದೇಶದ ಮೀನೇ ಅಲ್ಲವಂತೆ.
— ನಿವೃತ್ತ ಅಧ್ಯಾಪಕರು, ಮೈಸೂರು

ಎರಡನೆಯ ಮಾತು ಪೂರ್ತಿ ನಿಜ. 1864ರಲ್ಲಿ ‘ನಾರ್ಫೋಕ್’ ಹಡಗಿನಲ್ಲಿ ಪಾಚಿ ಮತ್ತು ಮಂಜುಗಡ್ಡೆಯ ನಡುವೆ ಇಟ್ಟ ಮೊಟ್ಟೆಗಳು ಇಂಗ್ಲೆಂಡಿನಿಂದ ಟಾಸ್ಮೇನಿಯಾ ಸೇರಿದವು. ಅಲ್ಲಿ ಬೆಳೆದ ಕಂದು ಟ್ರೌಟಿನ ಮೊಟ್ಟೆಗಳು 1867ರಲ್ಲಿ ನ್ಯೂಜಿಲೆಂಡಿಗೆ ಬಂದವು. ಬಂದ ಮೀನು ಅಲ್ಲಿಯ ಗ್ಯಾಲಾಕ್ಸಿಯಡ್ ಎಂಬ ಪುಟ್ಟ ಸ್ಥಳೀಯ ಮೀನುಗಳನ್ನು ತಿಂದು ಹಲವು ತೊರೆಗಳಿಂದ ಅಳಿಸಿಹಾಕಿತು. ದಕ್ಷಿಣ ದ್ವೀಪದ ಒಟಾಗೊ ಪ್ರದೇಶದಲ್ಲಿ ಅವುಗಳ ಕೆಲವು ಜಾತಿಗಳು ಟ್ರೌಟ್ ಹತ್ತಲಾರದ ಜಲಪಾತಗಳ ಮೇಲ್ಗಡೆ ಮಾತ್ರ ಬದುಕಿವೆ. ಟ್ರೌಟ್ ಪ್ರೇಮಿಗಳ ಹಳೆಯ ಸಂಘಗಳು ಮರಿಗಳನ್ನು ತಿನ್ನುತ್ತದೆಂದು ಸ್ಥಳೀಯ ಹಾವುಮೀನನ್ನು ರಾಶಿರಾಶಿಯಾಗಿ ಕೊಂದದ್ದೂ ಇದೆ. ಅಲ್ಲಿಯ ಮೂಲನಿವಾಸಿಗಳಾದ ಮಾವೊರಿಗಳಿಗೆ ಆ ಹಾವುಮೀನು ಆಹಾರವೂ ಹೌದು, ಪೂಜ್ಯವೂ ಹೌದು. ಆ ಲೆಕ್ಕವನ್ನು ಒಪ್ಪಿಕೊಳ್ಳದ ಟ್ರೌಟ್ ವಾದ ನನಗೆ ಹಿಡಿಸುವುದಿಲ್ಲ. ಜಲಪಾತದ ಮೇಲಿನ ತೊರೆಗಳಿಗೆ ಟ್ರೌಟ್ ಸೇರಬಾರದು, ಸೇರಿದ್ದರೆ ತೆಗೆಯಬೇಕು. ಗಾಳ ಹಾಕುವವರೂ ಈಗ ಇದಕ್ಕೆ ಒಪ್ಪಬೇಕು.

ಆದರೆ ಕೆಳಗಿನ ದೊಡ್ಡ ನದಿಗಳಲ್ಲಿ ಟ್ರೌಟಿಗೆ ಬೇಕಾದದ್ದು ಮತ್ತು ಸ್ಥಳೀಯ ಮೀನಿಗೆ ಬೇಕಾದದ್ದು ಬಹುಪಾಲು ಒಂದೇ: ತಂಪು, ಹರಿವು, ಹೂಳಿಲ್ಲದ ತಳ.

ಚುಚ್ಚುವ ಮಾತಿಗೆ ಬಂದರೆ, ಮೀನಿಗೆ ನೋವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿದ್ದಾರೆ: ತಿನ್ನುವುದಿದ್ದರೆ ಮಾತ್ರ ಹಿಡಿ ಎಂಬ ನ್ಯಾಯ. ನನಗೆ ಅದು ಅಸಂಬದ್ಧವೆನಿಸುವುದಿಲ್ಲ. ಹಾಗೆಂದು, ವರ್ಷಕ್ಕೆ ನಾಲ್ಕು ಮೀನಿಗೆ ಗಾಳ ಹಾಕಿ ಒಂದು ಕಣಿವೆಯ ನೀರಿಗಾಗಿ ಹತ್ತು ವರ್ಷ ನ್ಯಾಯಾಲಯ ಅಲೆಯುವವನನ್ನು ಬೂಟಾಟಿಕೆಯವನೆಂದು ಕರೆಯಲು ನಾನು ಸಿದ್ಧನಿಲ್ಲ.

ಹಿಡಿದು ಬಿಟ್ಟ ಮೀನು ನಿಜವಾಗಿ ಬದುಕುತ್ತದೆಯೇ?
— ವಿದ್ಯಾರ್ಥಿ, ಡನೀಡಿನ್

ಹೆಚ್ಚಿನವು ಬದುಕುತ್ತವೆ, ನೀವು ಅವಸರ ಮಾಡದಿದ್ದರೆ ಮತ್ತು ಫೋಟೊ ಮೋಹ ಬಿಟ್ಟರೆ. ಮುಳ್ಳಿಲ್ಲದ ಕೊಕ್ಕೆ ಬಳಸಿ, ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಮೀನನ್ನು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ನೀರು 20 ಡಿಗ್ರಿ ಮುಟ್ಟಿದ ದಿನ ಗಾಳ ಹಾಕದಿರುವುದೇ ಲೇಸು. ಒಂದು ನದಿಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಬಲೆ ತೊಳೆದು ಪೂರ್ತಿ ಒಣಗಿಸಿ. 2004ರಲ್ಲಿ ನಿಮ್ಮ ದಕ್ಷಿಣ ದ್ವೀಪದ ನದಿಯಲ್ಲಿ ಡಿಡಿಮೊ ಎಂಬ ಪಾಚಿ ಮೊದಲು ಕಂಡ ಮೇಲೆ, ಒದ್ದೆಯನ್ನು ಹಿಡಿದಿಡುವ ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ಅಡಿಯ ಬೂಟುಗಳನ್ನೇ ನಿಷೇಧಿಸಿದರು.

ಚಿಕ್ಕಮಗಳೂರಿನಲ್ಲಿ ಕಾಫಿ ತೋಟ, ಜೊತೆಗೆ ಹೋಂಸ್ಟೇ ಇದೆ. ತೋಟದ ಹಳ್ಳ ಭದ್ರೆಗೆ ಸೇರುತ್ತದೆ. ಅದರಲ್ಲಿ ಟ್ರೌಟ್ ಬಿಟ್ಟರೆ ಪ್ರವಾಸಿಗರು ಬರುತ್ತಾರೆಯೇ?
— ಕಾಫಿ ಬೆಳೆಗಾರರು

ದಯವಿಟ್ಟು ಬಿಡಬೇಡಿ. ನೀಲಗಿರಿಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಟ್ರೌಟ್ ನೆಲೆಯೂರಿದ್ದು ಅವಲಾಂಚಿಯಂಥ ಎತ್ತರದ, ತಣ್ಣನೆಯ ತೊರೆಗಳಲ್ಲಿ. ಏಪ್ರಿಲ್ ಮಧ್ಯಾಹ್ನ ನಿಮ್ಮ ಹಳ್ಳಕ್ಕೊಂದು ಥರ್ಮಾಮೀಟರ್ ಇಳಿಸಿ ನೋಡಿ, ಉತ್ತರ ಅಲ್ಲೇ ಸಿಗುತ್ತದೆ. ಒಂದು ವೇಳೆ ಬದುಕಿದರಂತೂ ಇನ್ನೂ ಕೆಟ್ಟದ್ದು.

ಹೊರಗಿನ ಮೀನು ತಂದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯಲ್ಲೇ ಸಾಕ್ಷಿಯಿದೆ. ಕೇಸರಿ ಬಾಲದ, ಬೆನ್ನುಬ್ಬಿದ ಮಹಸೀರ್ ಎಂಬ ದೊಡ್ಡ ಮೀನು ಈ ಕೊಳ್ಳ ಬಿಟ್ಟು ಲೋಕದಲ್ಲಿ ಎಲ್ಲೂ ಇಲ್ಲ. ಸದುದ್ದೇಶದಿಂದಲೇ ಬೇರೆಡೆಯ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಸಾಕಿ ಹೊಳೆಗೆ ಬಿಟ್ಟರು. ಕಾವೇರಿ ದಡದ ಗಾಲಿಬೋರೆಯ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆ ಬರೆದಿಟ್ಟಿದ್ದರು. ಅದನ್ನು ಸಂಶೋಧಕರು ತೆರೆದು ನೋಡಿದಾಗ ಒಟ್ಟು ಮೀನು ಹೆಚ್ಚಿತ್ತು, ನಮ್ಮ ಬೆನ್ನುಬ್ಬಿದ ಮಹಸೀರ್ ಮಾತ್ರ ಕುಸಿಯುತ್ತ ಬಂದಿತ್ತು. 2018ರಲ್ಲಿ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೆ ಸೇರಿತು. ಆ ನೋಟ್‌ಬುಕ್ಕುಗಳು ಇಲ್ಲದಿದ್ದರೆ ಈ ಕುಸಿತ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ನಿಮ್ಮ ಹಳ್ಳಕ್ಕೆ ಟ್ರೌಟಿಗಿಂತ ತುರ್ತಾದ ಕೆಲಸವಿದೆ. ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ಹರಿವು ತಗ್ಗುವ ಹೊತ್ತಿಗೆ ಸರಿಯಾಗಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ತೊಳೆದ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಮೊದಲು ನೋಡಿ. ಅದರಲ್ಲಿರುವ ಸಕ್ಕರೆ, ಲೋಳೆ ಕೊಳೆಯಲು ಹಳ್ಳದ ಆಮ್ಲಜನಕವನ್ನೆಲ್ಲ ಹೀರುತ್ತವೆ. ತಡೆಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಸಂಸ್ಕರಿಸಿದ ಮೇಲೆ ತೋಟಕ್ಕೇ ತಿರುಗಿಸಿ. ಪಲ್ಪಿಂಗ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ತೋಟದ ಮೇಲ್ಗಡೆ ಮತ್ತು ಕೆಳಗಡೆ ಒಂದೊಂದು ಕಲ್ಲು ಮಗುಚಿ ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ. ಮೇಲಿನ ತೋಟದವರ ಜೊತೆ ಮಾತು ಬೆಳೆದರೆ ಆ ಪುಸ್ತಕ ಕೈಯಲ್ಲಿರಲಿ.